ತೆರೆಯದ ಮಡಕೆ

ಹಳೇ ಕಾಲದ ಮುದ್ರೆ, ಮುಖವಾಡ, ಮೂರ್ತಿಗಳ ಬೆನ್ನು ಹತ್ತುವ ರೋಚಕ ಕಾದಂಬರಿಗಳನ್ನು ಬರೆಯುವ ಈ ಮಹಾಶಯರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಂದು ಸಾಲು ಬರೆದರೆ ಹತ್ತು ಸಲ ಎದ್ದು ನಡುಮನೆ ಸುತ್ತುತ್ತಾರೆ, ಗೋಡೆ ಕುಟ್ಟಿ ಕಿವಿಗೊಡುತ್ತಾರೆ. ಊಟಕ್ಕೆ ಬಂದ ಬೀಗರನ್ನು, ‘ಹೆಣದ ಜೊತೆ ಹೂತ ಕಂಚು ಎಷ್ಟು ವರ್ಷಕ್ಕೆ ಹಸಿರಾಗಬಹುದು?’ ಎಂದು ಕೇಳಿ ಅವರ ಹಸಿವನ್ನೇ ಓಡಿಸುತ್ತಾರೆ. ಹೂದಾನಿ ಒಡೆದರೆ ಹೆಂಡತಿ ಗುಡಿಸುವಂತಿಲ್ಲ, ಮೊದಲು ಚೂರುಗಳಿಗೆ ನಂಬರು ಬೀಳಬೇಕು. ಹೀಗೇ ಹದಿಮೂರು ಕಾದಂಬರಿಗಳು ಮುಗಿದಿದ್ದವು. ಹದಿನಾಲ್ಕನೆಯದು ಮಾತ್ರ ಕೊನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾಯಕ ಪುರಾತನ ಮಡಕೆಯ ಮುಚ್ಚಳಕ್ಕೆ ಕೈ ಹಾಕಿ ಎರಡು ತಿಂಗಳಾದರೂ ತೆಗೆದಿರಲಿಲ್ಲ. ‘ಒಳಗೆ ಚಿನ್ನ ಇಟ್ಟು ಮುಗಿಸಿಬಿಡ್ರೀ, ಪಾಪ, ಅವನ ಕೈ ಸೋತಿರುತ್ತೆ,’ ಎಂದು ಹೆಂಡತಿ ನಕ್ಕಳು. ಅವರು ನಗಲಿಲ್ಲ. ‘ಮದುವೆಗೆ ಮುಂಚೆ ಪುರಾತತ್ವದವರ ಹತ್ರ ನಕ್ಷೆ ಬರೀತಿದ್ನಲ್ಲ, ಆಗ ಇಂಥದೇ ಮಡಕೆ ಸಿಕ್ತು. ಒಳಗೆ ಎಳೆಗೂಸಿನ ಮೂಳೆ ಇತ್ತು, ಕೈಯಲ್ಲಿ ಶಂಖದ ಬಳೆ. ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಅಚ್ಚುಕಟ್ಟಾಗಿ ಚಿತ್ರ ಬರೆದೆ. ಒಂಚೂರೂ ಕೈ ನಡುಗಲಿಲ್ಲ ಕಣೆ. ಎಲ್ಲರೂ ಭೇಷ್ ಅಂದ್ರು.’ ಅವಳು ಅವರ ಪಕ್ಕ ಬಂದು ಕೂತಳು. ಮರುದಿನ ಬೆಳಿಗ್ಗೆ ಅಧ್ಯಾಯ ಮುಗಿಯಿತು. ನಾಯಕ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಆಮೇಲೆ ಏನನ್ನೂ ಬರೆದುಕೊಳ್ಳದೆ ಮುಚ್ಚಿ, ಗುದ್ದಲಿ ಬದಿಗಿಟ್ಟು, ಬರಿಗೈಯಲ್ಲೇ ಅದರ ಮೇಲೆ ಮಣ್ಣೆಳೆದ.