ರೈಲಿಗೆ ಇಟ್ಟ ಕುಂಕುಮ

ಸೂರ್ಯನಾರಾಯಣರಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ನೈರೋಬಿಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ, ಪೆಟ್ಟಿಗೆಯ ಮೇಲೆ ಹೆಸರು ಒತ್ತುವ ರಬ್ಬರಿನ ಅಚ್ಚು ಕೊರೆದ ಕೈ ಅದು. 2004ರಲ್ಲಿ ಕಂಪ್ಯೂಟರ್ ಬಂತು, ಅಚ್ಚಿನ ಕೆಲಸ ಅದರ ಪಾಲಾಯಿತು, ಇವರಿಗೆ ಸ್ಟೋರಿನಲ್ಲೊಂದು ಕುರ್ಚಿ ಕೊಟ್ಟರು. ಕುರ್ಚಿ ಯಾರಿಗೆ ಬೇಕಿತ್ತು ಹೇಳಿ.

ಆಗ ಕಣ್ಣಿಗೆ ಬಿದ್ದದ್ದು ಅದೇ ಊರಿನ ಲೊರೆಶೋ ಬಡಾವಣೆಯ ಸಿಲ್ವಿಯಾ ಅವರ ಮನೆಯ ಚಿತ್ರ. ಆಕೆ ಇವರ ಮಗಳಿಗೆ ಡ್ರಾಯಿಂಗ್ ಟೀಚರಾಗಿದ್ದವರು. ಜಪಾನಿನಲ್ಲಿ ಓದಿದ್ದ ಗಂಡ ತೀರಿಕೊಂಡ ಮೇಲೆ ಅವನ ನೆನಪಿಗೆಂದು ಉಳಿದದ್ದು ಅದೊಂದೇ. ಜಪಾನಿಗೆ ಮೊದಲ ರೈಲು ಬಂದ ಕಾಲದ, ಮರದ ಅಚ್ಚಿನ ಮುದ್ರಣ. ಕಪ್ಪು ಎಂಜಿನ್ನು, ಕೆಂಡದಂಥ ಆಕಾಶ, ಕಿಮೋನೋ ಕೆಳಗೆ ಬೂಟು ಮೆಟ್ಟಿಕೊಂಡು ರೈಲನ್ನೇ ಬೆಪ್ಪಾಗಿ ನೋಡುವ ಗಂಡಸು. ಆ ಬೆಪ್ಪನ ಮೇಲೆ ಸೂರ್ಯನಾರಾಯಣರಿಗೆ ವಿಪರೀತ ಅಕ್ಕರೆ. ನಕಲು ಕೊರೆಯುತ್ತೇನೆಂದು ಕೇಳಿದಾಗ, ಯಾರ ಕೈಗೂ ಕೊಡದಿದ್ದ ಚಿತ್ರವನ್ನು ಆಕೆ ಕೊಟ್ಟುಬಿಟ್ಟರು.

ಐದು ಬಣ್ಣಕ್ಕೆ ಐದು ಹಲಗೆ. ಕಿಲೆಲೆಶ್ವಾ ಬಡಾವಣೆಯ ತಮ್ಮ ಫ್ಲಾಟಿನ ಊಟದ ಮೇಜಿನ ತುಂಬ ಮರದ ಚೂರು, ಸಾರಿನಲ್ಲೂ ಮರದ ಚೂರು. ಹೆಂಡತಿ ಜಯಲಕ್ಷ್ಮಿ ಗೊಣಗಿಕೊಂಡೇ ಗುಡಿಸಿದರು. ಕಡೆಗೊಂದು ಪ್ರತಿ ಒಪ್ಪವಾಗಿ ಬಂತು. ಅದನ್ನು ಮೂಲದ ಪಕ್ಕದಲ್ಲಿಟ್ಟು ಅವರು ಸ್ನಾನಕ್ಕೆ ಹೋದರು.

ಅವತ್ತು ಆಯುಧಪೂಜೆ. ಈಳಿಗೆಮಣೆ, ಮಿಕ್ಸಿ, ಗಂಡನ ಉಳಿಗಳು, ಎಲ್ಲಕ್ಕೂ ಬೊಟ್ಟಿಡುತ್ತಾ ಬಂದ ಜಯಲಕ್ಷ್ಮಿ ರೈಲನ್ನು ಬಿಡುತ್ತಾರೆಯೇ? ಎಂಜಿನ್ನಿನ ಮೂತಿಗೂ ನೀರಲ್ಲಿ ಕಲಸಿದ ಕುಂಕುಮ ಇಟ್ಟರು. ಅದೂ ಮೂಲಚಿತ್ರಕ್ಕೆ.

ಸ್ನಾನ ಮುಗಿಸಿ ಬಂದ ಸೂರ್ಯನಾರಾಯಣರು ಒದ್ದೆ ಟವೆಲ್ಲಿನಲ್ಲೇ ಮೇಜಿನ ಬಳಿ ಓಡಿದರು. "ಇದು ಅವರದ್ದು ಕಣೇ."

"ಅಯ್ಯೋ, ಎರಡ್ರಲ್ಲಿ ಇದೇ ಚೆನ್ನಾಗಿತ್ತು. ಅದಕ್ಕೇ ನೀವು ಮಾಡಿದ್ದು ಇದು ಅಂದ್ಕೊಂಡೆ."

ಬೈಯಲು ಹೊರಟವರು ಬಟ್ಟೆ ಹಾಕಿಕೊಳ್ಳಲು ಹೋದರು.

ಮಧ್ಯಾಹ್ನವೇ ಇಬ್ಬರೂ ಎರಡು ಚಿತ್ರಗಳನ್ನೂ ಹಿಡಿದು ಲೊರೆಶೋಗೆ ಹೋದರು. ಸಿಲ್ವಿಯಾ ಬೊಟ್ಟನ್ನು ಬೆರಳಿನಿಂದ ಮುಟ್ಟಿದರು. ಅವರ ಕಣ್ಣು ತುಂಬಿತು. ಸೂರ್ಯನಾರಾಯಣರಿಗೆ ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು. ಜಯಲಕ್ಷ್ಮಿಯೇ ಮುಂದೆ ಬಂದು, ತಮಗೆ ಬಂದ ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಇವರ ಕೆಲಸವೆಂದುಕೊಂಡು ಪೂಜೆ ಮಾಡಿದೆ ಎಂದರು.

"ಇದು ಅಳಿಸಿ ಹೋಗುವುದಿಲ್ಲ. ನನಗೆ ದುಃಖವಾಗಿದೆ," ಎಂದರು ಸಿಲ್ವಿಯಾ. ಆಮೇಲೆ ನಕಲನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಪರೀಕ್ಷೆಯ ಉತ್ತರ ತಿದ್ದುವವರ ಹಾಗೆ ಬಹಳ ಹೊತ್ತು ನೋಡಿದರು. "ಇದನ್ನೂ ಅದರ ಪಕ್ಕದಲ್ಲೇ ತೂಗುಹಾಕುತ್ತೇನೆ. ಕೆಳಗೆ ಹೆಸರು ಹಾಕಿಲ್ಲವಲ್ಲ?" ಎಂದು ಪೆನ್ಸಿಲು ಚಾಚಿದರು.

ಜನ್ಮವಿಡೀ ಬಿಸ್ಕತ್ತಿನ ಹೆಸರು, ಸೋಪಿನ ಹೆಸರು ಕೊರೆದಿದ್ದ ಕೈ ಪೆನ್ಸಿಲನ್ನು ಮೂರು ಸಲ ಕಾಗದಕ್ಕೆ ತಾಗಿಸಿ ಹಿಂದಕ್ಕೆಳೆಯಿತು. ಜಯಲಕ್ಷ್ಮಿ ಮೆಲ್ಲಗೆ ಗದರಿದರು.

"ಬರೀರಿ ಮತ್ತೆ. ಇದು ನಿಮ್ದೇ."