ಬಾರದ ಭಾಷೆಯಲ್ಲಿ ಕೇಳಿಸಿದ್ದು

೧೯೭೧ರಲ್ಲಿ ಐದನೇ ಕ್ಲಾಸಿಗೆ ನನ್ನ ಓದು ನಿಂತಿತು. ಆ ವರ್ಷವಷ್ಟೇ ಇಂಗ್ಲಿಷ್ ಶುರುವಾಗಿತ್ತು. ಅಕ್ಷರಗಳು ಮುಗಿದಿದ್ದವು, ಪದಗಳು ಬರುವ ಮೊದಲೇ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಲೇತಿನ ಮುಂದೆ ಕೂತೆ. ಅದಕ್ಕೆ ನಾಚಿಕೆಯೇನಿಲ್ಲ. ನಾನು ಬಿಟ್ಟ ಇಂಗ್ಲಿಷನ್ನು ಹಾಲೆಮರ ಕಡೆದು ಕಡೆದು ಮಗಳಿಗೆ ಓದಿಸಿದೆ. ಸವಿತಾ ಈಗ ರಾಮನಗರದ ಶಾಲೆಯಲ್ಲಿ ಇಂಗ್ಲಿಷ್ ಮೇಡಂ.

ವಿಚಿತ್ರಗಳನ್ನು ನಂಬಿದವನಲ್ಲ ನಾನು. ಕಬ್ಬಾಳಿನ ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರನ್ನು ನೋಡಿ, ಹೊರಗೆ ಬಂದು ನಕ್ಕವನು. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಜಾರಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿ ಕರುಳಿನ ಆಪರೇಷನ್ ಆಯಿತು. ಹುಣ್ಣು ತೆಗೆದಿದ್ದಾರೆ ಎಂದಷ್ಟೇ ನನಗೆ ಹೇಳಿದ್ದರು. ಮತ್ತೆ ಮತ್ತೆ ಅಲೆಯುವುದು ಬೇಡವೆಂದು ಅಲ್ಲಿನ ಡಾಕ್ಟರಮ್ಮ ವಿಡಿಯೋ ಕಾಲಿನಲ್ಲೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ಸವಿತಾ ಫೋನನ್ನು ಗೊಂಬೆಗೆ ಬಣ್ಣ ಹಚ್ಚುವ ಅರಗಿನ ಡಬ್ಬಿಗೆ ಒರಗಿಸಿ, ನನ್ನನ್ನು ಮುಂದೆ ಕೂರಿಸಿ ತಾನು ಹಿಂದೆ ನಿಂತಳು. ಡಾಕ್ಟರಮ್ಮ ಊಟ, ನಿದ್ದೆ ವಿಚಾರಿಸಿದರು. ಆಮೇಲೆ ಮಗಳು ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು. ಯಾವಾಗಲೂ ಹಾಗೇ, ನಾನು ಗೋಡೆ ನೋಡುತ್ತಾ ಕೂರುತ್ತಿದ್ದೆ.

ಅವತ್ತು ಮಾತ್ರ ನನಗೆ ಎಲ್ಲವೂ ಅರ್ಥವಾಯಿತು. ಡಾಕ್ಟರಮ್ಮನ ತುಟಿ ಆಡುತ್ತಿದ್ದುದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಬೀಳುತ್ತಿದ್ದುದು ನಮ್ಮ ಬೀದಿಯ ಕನ್ನಡ. ಕ್ಯಾನ್ಸರ್ ಹಬ್ಬಿದೆ, ವಾಸಿಯಾಗುವುದಿಲ್ಲ, ಔಷಧಿ ತಡೆದಷ್ಟು ದಿನ, ಎಂದರು. ಇನ್ನು ಮುಂದೆ ನಿಮ್ಮಪ್ಪನಿಗೆ ಯಾವುದು ಮುಖ್ಯ ಅಂತ ಅವರನ್ನೇ ಕೇಳಬೇಕು, ಕೇಳಲಾ, ಎಂದರು.

ಸವಿತಾ ಬೇಡವೆಂದಳು. ನಮ್ಮಪ್ಪ ಓದಿದವರಲ್ಲ, ಇದೆಲ್ಲ ಅವರಿಗೆ ತಿಳಿಯುವುದಿಲ್ಲ, ಮುಚ್ಚಿಟ್ಟಿದ್ದೇವೆ, ಹಾಗೇ ಇರಲಿ, ಎಂದಳು.

ಕಾಯಿಲೆಯ ಸುದ್ದಿ ತಡೆದುಕೊಂಡೆ. ಈ ಮಾತು ಕೊಯ್ದಿತು. ನಾನೇ ಸಾಣೆ ಹಿಡಿದ ಉಳಿ ಅದು.

ಫೋನಿನ ಕಡೆ ಬಗ್ಗಿದೆ. “ನನ್ನನ್ನೇ ಕೇಳಿ ಡಾಕ್ಟರಮ್ಮ. ಕೈ ಆಡೋಗಂಟ ಲೇತ್ ಮುಂದೆ ಕೂರ್ಬೇಕು. ಆಮೇಕೆ ಮನೇಲೇ ಇದ್ಬುಡ್ತೀನಿ, ಆಸ್ಪತ್ರೆ ಬ್ಯಾಡ.”

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರವಾದರು. “ನಿಮಗೆ ಇಂಗ್ಲಿಷ್ ಬರುತ್ತಾ ಯಜಮಾನ್ರೇ?”

“ಇಲ್ಲ ಕಣಮ್ಮ. ನಂಗೇನೂ ತಿಳಿಯಾಕಿಲ್ಲ ಅಂತ ನನ್ ಮಗಳು ಈಗ್ತಾನೆ ಹೇಳುದ್ಲಲ್ಲ.”

ಕಾಲ್ ಮುಗಿದ ಮೇಲೆ ಸವಿತಾ ಕೇಳಿದಳು, “ಯಾರಪ್ಪ ನಿಂಗೆ ಹೇಳಿದ್ದು?”

“ನೀನೇ ಕಣವ್ವ,” ಎಂದೆ.

ಮುಂದಿನ ತಿಂಗಳು ಡಾಕ್ಟರಮ್ಮ ನನ್ನೊಂದಿಗೆ ಕನ್ನಡದಲ್ಲೇ ಮಾತಾಡಿದರು. ಒಸಿ ಇಂಗ್ಲಿಷಿನಲ್ಲಿ ಹೇಳಿ ಎಂದು ನಾನೇ ಕೇಳಿಕೊಂಡೆ. ಹೇಳಿದರು. ಏನೂ ತಿಳಿಯಲಿಲ್ಲ. ಟಿವಿಯಲ್ಲಿ ಇಂಗ್ಲಿಷ್ ವಾರ್ತೆ ಹಾಕಿಕೊಂಡೂ ಕೂತೆ, ಗದ್ದಲ, ಅಷ್ಟೆ. ಮುಖ ನೋಡಿ ಊಹಿಸಿರುತ್ತೀರಿ ಎನ್ನುತ್ತಾರೆ ಡಾಕ್ಟರಮ್ಮ. ಸವಿತಾ ನನ್ನ ಬೆನ್ನ ಹಿಂದಿದ್ದಳು. ಫೋನಿನ ಮೂಲೆಯ ಚಿಕ್ಕ ಚೌಕದಲ್ಲೂ ಇದ್ದುದು ನನ್ನ ಮುಖವಷ್ಟೇ, ಅವಳದು ನನಗೆ ಕಂಡೇ ಇರಲಿಲ್ಲ.

ಈಗ ನನಗಿರುವುದು ಒಂದು ಲೇತ್, ಆರು ಉಳಿ, ನನ್ನೆದುರು ಕನ್ನಡವನ್ನೇ ಆಡುವ, ಅದನ್ನೂ ಕಡಿಮೆ ಆಡುವ ಮಗಳು ಒಬ್ಬಳು, ಮತ್ತು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ.