ಸೈದಾಬಿಯ ಸಿಟ್ಟಿನ ಮಾಮಾ

ಸೈದಾಬಿ ಯಾರದೋ ಮದುವೆಯನ್ನು ಮುಂದೆ ನಿಂತು ಮಾಡಿಸುತ್ತಿದ್ದಾಳೆಂದು ಬಾಗೇವಾಡಿಯ ಅರ್ಧ ಊರು ನಂಬಿತ್ತು; ಇದನ್ನು ಬರೆಯುವವನೂ ಆ ಅರ್ಧದಲ್ಲೇ ಇದ್ದ. ಸಿಂದಗಿ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಇಣುಕಿದರೆ ಅವಳ ನೋಟಬುಕ್ಕಿನ ತುಂಬ ಬೀಗ, ಅಳಿಯ, ಮೈದುನ, ಸಿಟ್ಟಿನ ಮಾಮಾ. ಒಬ್ಬರಿಂದ ಒಬ್ಬರಿಗೆ ಎಳೆದ ಗೆರೆಗಳು. ಅಂಚಿನಲ್ಲಿ "ಅಳಿಯ ಮೊದಲ ಬರಬೇಕು, ಇಲ್ಲಾಂದ್ರ ಬೀಗ ಬರಾಂಗಿಲ್ಲ" ಎಂಬ ಟಿಪ್ಪಣಿ. ಇಂಥ ವಿಷಯದಲ್ಲಿ ತನ್ನ ಅನುಭವ ದೊಡ್ಡದೆಂದು ತಿಳಿದವನು ಸುಮ್ಮನಿರಲಾರದೆ, "ಸಿಟ್ಟಿನ ಮಾಮಾನ ಮನಿಗಿ ನಾಕ ಮಂದಿ ಹಿರ್ಯಾರನ್ನ ಕರಕೊಂಡ ಹೋಗ್ರಿ, ಕರಗ್ತಾನ" ಎಂದು ಸಲಹೆಯನ್ನೂ ಕೊಟ್ಟ.

ಸೈದಾಬಿ ಕನ್ನಡಕದ ಮೇಲಿಂದ ನೋಡಿದಳು. "ಅಂವ ಕಂಪ್ಯೂಟರಿನ್ಯಾಗ ಅದಾನ್ರಿ" ಎಂದು ಕಿಟಕಿಯ ಕಡೆ ತಿರುಗಿದಳು.

ಇದು ೨೦೦೫ರ ಮಾತು. ಬಸವನ ಬಾಗೇವಾಡಿಯ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಸೈದಾಬಿ ಹದಿನೆಂಟು ವರ್ಷ ಟೈಪಿಂಗ್ ಕಲಿಸಿದ್ದಳು. ಕಣ್ಣು ಮುಚ್ಚಿ ಕೂತು, ಬರೀ ಸದ್ದಿನ ಮೇಲೆ, ಮೂರನೇ ಮಶೀನಿನ ಯಾವ ಕೀಲಿ ಸಿಕ್ಕಿಕೊಂಡಿದೆ ಎಂದು ಹೇಳುವವಳು. ಆ ವರ್ಷ ವಿಜಾಪುರದ ಒಂದು ಟ್ರಸ್ಟು ಕೇಂದ್ರಕ್ಕೆ ಐದು ಹಳೆಯ ಕಂಪ್ಯೂಟರುಗಳನ್ನು ಕೊಟ್ಟಿತು. ಕೇಂದ್ರದ ಅಧ್ಯಕ್ಷ ಪರಪ್ಪನವರು ಅದೇ ವಾರ ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿಸಿ, ಗೋಡೆಯ ಮೇಲೆ 'ಗಣಕ ಕ್ರಾಂತಿಯ ಹರಿಕಾರರು' ಎಂದು ಬರೆಸಿ, ಕೆಳಗೆ ತಮ್ಮ ಹೆಸರು ಹಾಕಿಸಿಕೊಂಡರು. ಅವರಿಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಆದರೆ ಹರಿಕಾರರಿಗೆ ಅದೇನು ಕಡ್ಡಾಯವಲ್ಲ.

ತೊಡಕು ಇದ್ದದ್ದು ಟ್ರಸ್ಟಿನ ಕರಾರಿನಲ್ಲಿ. ಹನ್ನೆರಡು ದಿನಕ್ಕೆ ಅವರ ಸಾಹೇಬರು ಬರುತ್ತಾರೆ. ಅವರೆದುರು ಕಲಿಯುವವರು ಕನ್ನಡದಲ್ಲಿ ಒಂದು ಪತ್ರ ಬರೆದು ತೋರಿಸಬೇಕು. ಆಗದಿದ್ದರೆ ಐದೂ ಕಂಪ್ಯೂಟರು ಮುದ್ದೇಬಿಹಾಳದ ಕೇಂದ್ರಕ್ಕೆ ಹೋಗುತ್ತವೆ. ಹೋದರೆ, ಹೆಸರು ಹಚ್ಚಿದ್ದ ಹದಿನಾಲ್ಕು ಹೆಣ್ಣುಮಕ್ಕಳಿಗೆ ಉಳಿಯುವುದು ಬೆಂಚು ಮತ್ತು ಗೋಡೆಬರಹ. ಸೈದಾಬಿಗೆ ಅದೂ ಇಲ್ಲ.

ಆ ಕಂಪ್ಯೂಟರುಗಳನ್ನು ನಡೆಸುತ್ತಿದ್ದದ್ದು ವಿಂಡೋಸ್ ಅಲ್ಲ, ಪುಕ್ಕಟೆ ಸಿಗುವ ಲಿನಕ್ಸ್. ಇಂಗ್ಲಿಷಿಗೆ ಅದರ ತಕರಾರಿಲ್ಲ. ಕನ್ನಡ ಬಂದರೆ ಮಾತ್ರ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಪರೀಕ್ಷೆಗೆಂದು ಸೈದಾಬಿ ಮೊದಲು ಹೊಡೆದದ್ದೇ ಅಧ್ಯಕ್ಷರ ಹೆಸರು.

"ಏನ್ರಿ ಟೀಚರ, ನನ್ನ ಹೆಸರ ಯಾಕ ಮುರದ್ರಿ?"

"ನಾ ಮುರದಿಲ್ರಿ ಸರ. ಮಶೀನಿಗಿ ಕೂಡಸಾಕ ಬರವಲ್ದು."

ಕೂಡಿಸುವ ಹೊಸ ತಂತ್ರಾಂಶ ಇತ್ತು, ಯಾರು ಬೇಕಾದರೂ ಒಯ್ಯಬಹುದಿತ್ತು. ಆದರೆ ಕೊಡುವವರು ಹಿಟ್ಟು ಕೊಡುವುದಿಲ್ಲ, ಜೋಳ ಕೊಡುತ್ತಾರೆ. ನಮ್ಮ ಮಶೀನಿಗೆ ಹೊಂದುವಂತೆ ನಾವೇ ಬೀಸಿಕೊಳ್ಳಬೇಕು. ಈ ಬೀಸುವ ಕೆಲಸಕ್ಕೆ ಕಂಪೈಲ್ ಎನ್ನುತ್ತಾರೆ. ಸೈದಾಬಿ ಸಿಂದಗಿಗೆ ಹೋಗಿ, ಅಮೀನುದ್ದೀನನ ಇಂಟರ್ನೆಟ್ ಅಂಗಡಿಯಲ್ಲಿ ಅದನ್ನು ಸಿ.ಡಿ.ಗೆ ತುಂಬಿಸಿಕೊಂಡು ಬಂದು ಬೀಸಲು ಕೂತಳು. ಮಶೀನು, 'ಇದಕ್ಕೆ ಮೊದಲು ಅದು ಬೇಕು' ಎಂದಿತು. ಅದನ್ನು ತಂದರೆ, ಅದಕ್ಕೆ ಮತ್ತೊಂದು ಬೇಕು. ಆ ಮತ್ತೊಂದಕ್ಕೆ ಇನ್ನೆರಡು. ಸಿಂದಗಿಯ ಕಂಡಕ್ಟರು ಅವಳಿಗಾಗಿ ಕಿಟಕಿಯ ಸೀಟು ಹಿಡಿದಿಡತೊಡಗಿದ.

ಲಗ್ನಪತ್ರಿಕೆ ಹಂಚಿದವರಿಗೆ ಈ ಕಷ್ಟ ಹೊಸದಲ್ಲ. ಇವನಿಗೆ ಹೇಳದೆ ಅವನು ಬರುವುದಿಲ್ಲ, ಅವನು ಬಾರದೆ ಹೆಂಗಸರು ಹೊರಡುವುದಿಲ್ಲ. ಆ ಫೈಲುಗಳ ಹೆಸರು ನಾಲಿಗೆಗೆ ಹತ್ತದಿದ್ದಾಗ ಸೈದಾಬಿ ಒಂದೊಂದಕ್ಕೆ ಒಂದೊಂದು ನಂಟಸ್ತನ ಕೊಟ್ಟಳು. ಏಳನೇ ದಿನಕ್ಕೆ ಎಲ್ಲರೂ ಬಂದು ಕೂತರು, ಸಿಟ್ಟಿನ ಮಾಮಾ ಒಬ್ಬನನ್ನು ಬಿಟ್ಟು. ಅವನ ಹಳೆಯ ಆವೃತ್ತಿ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು, ಹೊಸದು ಬೇಕಾಗಿತ್ತು. ಅವಳು ಹೊಸದನ್ನು ಬೀಸಿ ಹಾಕಿದಳು. ಮಶೀನು, 'ಇಲ್ಲಿರುವುದು ಹಳೆಯದು, ಹೊಸದು ತಾ' ಎಂದಿತು. ಮತ್ತೆ ಹಾಕಿದಳು. ಮತ್ತೆ ಅದೇ ಮಾತು. ಮೂರನೇ ಸಲವೂ ಅದೇ.

ಪರಪ್ಪನವರು ಹಿಂದೆ ಕೈಕಟ್ಟಿ ನಿಂತು, "ಹಳೇದನ್ನ ಕಿತ್ತ ಒಗೀರಿ ಟೀಚರ. ಆಡಳಿತದಾಗ ನಾ ಹಂಗ ಮಾಡೂದು" ಎಂದರು.

ಬೇಡವೆನ್ನುವಷ್ಟು ಧೈರ್ಯ ಆ ದಿನ ಅವಳಲ್ಲಿ ಉಳಿದಿರಲಿಲ್ಲ. ಕಿತ್ತಳು. ಆ ಹಳೆಯದನ್ನೇ ನೆಚ್ಚಿಕೊಂಡಿದ್ದ ಉಳಿದೆಲ್ಲ ಕೆಲಸಗಳೂ ಒಟ್ಟಿಗೆ ಕೈಕೊಟ್ಟು ಪರದೆ ಕಪ್ಪಾಯಿತು. ಎಲ್ಲವನ್ನೂ ಮೊದಲಿನಂತೆ ಮಾಡಲು ಎರಡು ದಿನ ಹಿಡಿಯಿತು. ಆ ಎರಡು ದಿನ ಪರಪ್ಪನವರಿಗೆ ಇಂಡಿ ಊರಿನಲ್ಲಿ ತುರ್ತು ಕೆಲಸವಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ನಿಜವಾದ ಸಿಟ್ಟಿನ ಮಾಮಾ ಬಂದ. ಬಂದಗಿಸಾಬ, ಸೈದಾಬಿಯ ತಾಯಿಯ ಅಣ್ಣ, ಇಂಡಿಯವನು. ಕೊಲ್ಹಾರಕ್ಕೆ ಹೊರಟವನು ಬಸ್ಸು ಬದಲಿಸುವ ನಡುವೆ ಕೇಂದ್ರಕ್ಕೆ ಬಂದು, ಕೂಡುವ ಮೊದಲೇ ಏಳು ವರ್ಷದ ಹಳೆಯ ಕಂತೆ ಬಿಚ್ಚಿದ.

"ಯವ್ವಾ ಸೈದಾ, ನಿನ್ನ ತಂಗಿ ಮದಿವ್ಯಾಗ ನನಗ ಮಾಡಿದ ಅಪಮಾನ ಸಾಯೂತನಕ ಮರಿಯಾಂಗಿಲ್ಲ ನಾ."

"ಚಾ ಕುಡೀರಿ ಮಾಮಾ, ಆರತೈತಿ."

"ಏನ್ ಚಾ ತಗೊಂಡಿ! ಸೀರಿ ಗಂಟ ಹೊತಗೊಂಡ ಬಂದ್ರ ಹಂದರಿಲ್ಲ, ಮಂದಿಯಿಲ್ಲ. ಕಟ್ಟಿ ಮ್ಯಾಲ ನಿಮ್ಮಜ್ಜ ಒಬ್ಬಾಂವ ಕುಂತಿದ್ದ. ಮದಿವಿ ಮನಿ ಎಲ್ಲಿ ಅಂದ್ರ, ನಮ್ಮ ಮನಿ ಇದ ಒಂದ ಅಂದ!"

ಆಗಿದ್ದಿಷ್ಟು. ಕೃಷ್ಣೆಯ ಹಿನ್ನೀರು ಬರುತ್ತದೆಂದು ಸೈದಾಬಿಯ ಹೆತ್ತವರ ಊರಾದ ಕೊಲ್ಹಾರದವರು ಮೇಲಿನ ಹೊಸ ಊರಿಗೆ ಹೋಗಿದ್ದರು. ಮದುವೆ ನಡೆದದ್ದು ಹೊಸ ಮನೆಯಲ್ಲಿ. ನೀರು ಹೊಸ್ತಿಲಿಗೆ ಬಾರದೆ ಏಳುವುದಿಲ್ಲವೆಂದು ಅಜ್ಜ ಮಾತ್ರ ಹಳೆಯ ಮನೆಯಲ್ಲಿ ಕೂತಿದ್ದ. ಲಗ್ನಪತ್ರಿಕೆಯಲ್ಲಿ ಹೊಸ ವಿಳಾಸ ದಪ್ಪ ಅಕ್ಷರದಲ್ಲಿತ್ತು. ಆದರೆ ಸ್ವಂತ ತಂಗಿಯ ಮನೆಗೆ ಹೋಗಲು ವಿಳಾಸ ಓದುವ ಗಂಡಸು ಯಾವ ಊರಿನಲ್ಲಿದ್ದಾನೆ? ಬಂದಗಿಸಾಬ ರೂಢಿಯ ದಾರಿ ಹಿಡಿದು ಹೋಗಿ, ಮುದುಕನೊಬ್ಬನನ್ನು ನೋಡಿ, ಮದುವೆಯೇ ಇಲ್ಲವೆಂದು ಇಂಡಿಗೆ ಮರಳಿದ್ದ.

"ಮದಿವಿ ಆಗಿತ್ತಲ್ರಿ ಮಾಮಾ. ನೀವು ನೋಡಿದ ಜಾಗಾನ…" ಎಂದ ಸೈದಾಬಿ ಮಾತು ಅರ್ಧಕ್ಕೇ ಬಿಟ್ಟು ಮಶೀನಿನ ಕಡೆ ತಿರುಗಿದಳು.

ಹೊಸದು ಯಾಕಿಲ್ಲ ಎಂದು ಮಶೀನನ್ನು ನಾಲ್ಕು ದಿನ ಕೇಳಿದ್ದಳು. ಎಲ್ಲಿ ನೋಡಿ ಬಂದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದಳು. ಅದು ರೂಢಿಯ ಹಳೆಯ ಜಾಗಕ್ಕೇ ಹೋಗಿ, ಅಲ್ಲಿ ಕೂತ ಹಳೆಯದನ್ನು ನೋಡಿ, ತಿರುಗಿ ಬರುತ್ತಿತ್ತು. ಅವಳು ಬೀಸಿದ ಹೊಸದು ಬೇರೆ ಜಾಗದಲ್ಲಿ ಹಂದರ ಹಾಕಿಕೊಂಡು ಕಾಯುತ್ತಿತ್ತು. ಸೈದಾಬಿ ಒಂದು ಸಾಲು ಹೊಡೆದಳು: ಮೊದಲು ಇಲ್ಲಿ ನೋಡು, ಆಮೇಲೆ ಅಲ್ಲಿ. ಹಳೆಯದನ್ನು ಮುಟ್ಟಲಿಲ್ಲ. ಮಶೀನು ಈ ಸಲ ತಕರಾರಿಲ್ಲದೆ ಬೀಸತೊಡಗಿತು.

"ಈ ಡಬ್ಬಿನೂ ಹಳೇ ಮನಿಗಿ ಹೋಗಿ ಬಂದಿತ್ತೇನು?" ಬಂದಗಿಸಾಬ ಕೇಳಿದ.

"ಹೂಂ ಮಾಮಾ. ಹನ್ನೊಂದನೇ ದಿನಕ್ಕ ತಿಳೀತು."

"ಅಂದಮ್ಯಾಲ ತಪ್ಪು ನಂದಲ್ಲ" ಎಂದು ಅವನು ಏಳು ವರ್ಷಗಳಲ್ಲಿ ಮೊದಲ ಸಲ ಸಮಾಧಾನದಿಂದ ಚಹಾ ಕುಡಿದ. ಸಂಜೆ ಐದಕ್ಕೆ ಪರದೆಯ ಮೇಲೆ ಪರಪ್ಪನವರ ಹೆಸರು ಇಡಿಯಾಗಿ ಮೂಡಿತು. ಸೈದಾಬಿ ಅದನ್ನು ನೋಡಿ ಅತ್ತಳೆಂದು ಹೇಳುವವರಿದ್ದಾರೆ. ಪರಪ್ಪನವರ ಹೆಸರಿಗಾಗಿ ಅತ್ತ ಮೊದಲಿಗಳು ಅವಳೇ ಇರಬೇಕು.

ಮರುದಿನ ಸಾಹೇಬರು ಬಂದರು. ಹೆಣ್ಣುಮಕ್ಕಳು ಪತ್ರ ಬರೆದು ತೋರಿಸಿದರು. ಕಂಪ್ಯೂಟರುಗಳು ಇಲ್ಲೇ ಇರಲೆಂದು ಸಾಹೇಬರು ಸಹಿ ಮಾಡಿ, ತೊಡಕು ಏನಿತ್ತೆಂದು ಕೇಳಿದರು. "ನಾವು ಭಾಳ ಅಭ್ಯಾಸ ಮಾಡಿದ್ವಿ" ಎಂದು ಶುರುಮಾಡಿದ ಪರಪ್ಪನವರು ಅಲ್ಲಿಂದ ಮುಂದಕ್ಕೆ ಸೈದಾಬಿಯ ಕಡೆ ಕೈ ತೋರಿಸಿದರು. ಅವಳು ಹಳೇ ಕೊಲ್ಹಾರ, ಹೊಸ ಕೊಲ್ಹಾರ, ಕಟ್ಟೆಯ ಮೇಲಿನ ಅಜ್ಜ, ಎಲ್ಲವನ್ನೂ ಹೇಳಿ ತಿಳಿಸಿದಳು. ಸಾಹೇಬರು ನಕ್ಕರು. ಪರಪ್ಪನವರು ನಗಲಿಲ್ಲ, ಗದ್ದಕ್ಕೆ ಕೈಹಚ್ಚಿ, ಹರಿಕಾರರಿಗೆ ತಕ್ಕ ಗಾಂಭೀರ್ಯದಿಂದ ಕೇಳಿದರು:

"ಎಲ್ಲಾ ತಿಳೀತು ಟೀಚರ. ಆದ್ರ ಕೊಲ್ಹಾರ ಮುಳಗಿದ್ದು ಈ ಕಂಪ್ಯೂಟರಿಗೆ ಹೆಂಗ ಗೊತ್ತಾತು?"

"ಗೊತ್ತಿದ್ದಿಲ್ರಿ ಸರ. ಅದಕ್ಕ ಹನ್ನೊಂದ ದಿನ ಕುಂತಿದ್ದು ನಾ."